ಗುರುದೇವಿ ಖಾರ ಬಿಟ್ಟದ್ದು

ಆಡಕಿಯ ಗುರುದೇವಿ ಖಾರ ಬಿಟ್ಟಳು ಎಂದರೆ ಊರಲ್ಲಿ ಯಾರೂ ನಂಬಲಿಲ್ಲ. ನಂಬುವ ಮಾತೂ ಅದಲ್ಲ. ಹಸಿಮೆಣಸಿನಕಾಯಿಯನ್ನು ಸೌತೆಕಾಯಿ ಕಡಿದಂತೆ ಕಡಿಯುವ ಹೆಂಗಸು ಅವಳು. ಅವಳ ಕೈಯ ಪುಂಡಿಪಲ್ಯ ಒಮ್ಮೆ ಉಂಡ ಬೀಗರು ಮುಂದಿನ ಸಲ ಬರುವಾಗ ದಾರಿಯಲ್ಲೇ ಊಟ ಮುಗಿಸಿಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಅವಳು ಅಂಗಳದಲ್ಲಿ ಖಾರ ಕುಟ್ಟಲು ನಿಂತರೆ ಓಣಿಯ ಕೊನೆಯ ಮನೆಯವರೂ ಸೀನಬೇಕು; ಅವಳು ಮಾತ್ರ ನೆರೆಮನೆಯ ಆಶಾಬಿಯ ಕೂಡ ಹರಟೆ ಹೊಡೆಯುತ್ತ, ಆಗಾಗ ಬೆರಳಿನಿಂದ ನೆಕ್ಕಿ ಉಪ್ಪು ನೋಡುತ್ತಿದ್ದಳು. ಅಂಥವಳು ಇದ್ದಕ್ಕಿದ್ದಂತೆ ನುಚ್ಚು ಮಜ್ಜಿಗೆಗೆ ಇಳಿದಳು. ಯಾವುದೋ ಮಾತಿಗೆ ತನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂದುಕೊಂಡ ಗಂಡ ಅಮೃತಪ್ಪ, ಸೇಡಂ ಪೇಟೆಯಿಂದ ಬಳೆ ತಂದುಕೊಟ್ಟ. ಗುರುದೇವಿ ಬಳೆ ಇಟ್ಟುಕೊಂಡಳು. ಮಜ್ಜಿಗೆಯನ್ನೂ ಬಿಡಲಿಲ್ಲ.

ಕಾರಣ ಗಂಡನಲ್ಲ, ತಮ್ಮ. ತಮ್ಮ ಸೂಗಪ್ಪನ ಬಾಯಿ.

ಸೂಗಪ್ಪ ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಅವನಿಗೆ ಹಲ್ಲು ಪೂರ್ತಿ ಬರುವ ಮೊದಲೇ ತಾಯಿ ತೀರಿಕೊಂಡಿದ್ದಳು. ಗುರುದೇವಿ ಆಗಿನ್ನೂ ಲಂಗದ ಹುಡುಗಿ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಅವನ ಬಾಯಿಗಿಟ್ಟು ಬೆಳೆಸಿದಳು. ಹಾಲುರೊಟ್ಟಿಯಿಂದ ಬೇಳೆಗೆ, ಬೇಳೆಯಿಂದ ಶೇಂಗಾದ ಚಟ್ನಿಪುಡಿ ಹಿಂಡಿಗೆ, ಹಿಂಡಿಯಿಂದ ಕೆಂಪು ಖಾರಕ್ಕೆ ಅವನನ್ನು ಹತ್ತಿಸಿದ್ದೂ ಅವಳೇ. ತಮ್ಮ ಕಣ್ಣಲ್ಲಿ ನೀರು ಸುರಿಸುತ್ತ ಇನ್ನಷ್ಟು ಹಾಕು ಎಂದು ಕೈ ಚಾಚಿದ ದಿನ, ಇವನು ತನ್ನವನೇ ಹೌದು ಎಂದು ಅವಳಿಗೆ ಖಾತ್ರಿಯಾಯಿತಂತೆ. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಎಂಬತ್ತೈದರ ಮಳೆಗಾಲದಲ್ಲಿ ಸೂಗಪ್ಪನಿಗೆ ಸುಸ್ತು ಶುರುವಾಯಿತು. ಮೈಮೇಲೆ ಎಲ್ಲೆಂದರಲ್ಲಿ ನೀಲಿ ಕಲೆ. ರೈಲ್ವೆಯವರು ಸೊಲ್ಲಾಪುರಕ್ಕೆ ಕಳಿಸಿದರು, ಸೊಲ್ಲಾಪುರದವರು ರಕ್ತ ನೋಡಿ ಬೊಂಬಾಯಿಗೆ ಕಳಿಸಿದರು. ರಕ್ತದ ಕ್ಯಾನ್ಸರ್. ಬೊಂಬಾಯಿಯ ಆ ದೊಡ್ಡ ದವಾಖಾನೆಯಲ್ಲಿ ಆಗಷ್ಟೇ ಹೊಸ ಚಿಕಿತ್ಸೆಯೊಂದು ಬಂದಿತ್ತು. ರೋಗಿಯ ಎಲುಬಿನೊಳಗಿನ ಕೆಟ್ಟ ಮಜ್ಜೆಯನ್ನು ಔಷಧ ಕೊಟ್ಟು ಸುಟ್ಟು, ಒಡಹುಟ್ಟಿದವರ ಒಳ್ಳೆಯ ಮಜ್ಜೆಯನ್ನು ಮೈಗೆ ಹಾಕುವುದು. ಒಡಹುಟ್ಟಿದವರೆಲ್ಲರದೂ ಹೊಂದುವುದಿಲ್ಲ. ಗುರುದೇವಿಯದು ಹೊಂದಿತು. ಒಪ್ಪಿಗೆ ಇದೆಯೇ ಎಂದು ಡಾಕ್ಟರು ಕೇಳಿದಾಗ, ಒಂದು ಕಡೆಯ ಸೊಂಟ ಸಾಲದಿದ್ದರೆ ಎರಡೂ ಕಡೆಯಿಂದ ತೆಗೆಯಿರಿ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ಅವರು ಎರಡೂ ಕಡೆಯಿಂದಲೇ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಅವಳು ಕೂಡುವಾಗೊಮ್ಮೆ ಏಳುವಾಗೊಮ್ಮೆ ಸೊಂಟ ಹಿಡಿದುಕೊಂಡು, ಯಾಕೆ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳು.

ಆ ಮಜ್ಜೆ ತಮ್ಮನ ಮೈಗೆ ಹೋದ ರೀತಿ ಮಾತ್ರ ಅವಳಿಗೆ ಸಪ್ಪೆ ಎನಿಸಿತ್ತು. ಎಲುಬು ಕೊರೆದು ತುಂಬುತ್ತಾರೆ ಎಂದುಕೊಂಡಿದ್ದಳು. ಅವರು ರಕ್ತ ಏರಿಸುವ ಹಾಗೆ ನಳಿಗೆಯಲ್ಲಿ ಹನಿಹನಿಯಾಗಿ ಬಿಟ್ಟರು, ಅಷ್ಟೇ. ಆದರೆ ಅದಾದ ವಾರದಲ್ಲಿ ನೋಡಿದ್ದು ಸಪ್ಪೆಯಾಗಿರಲಿಲ್ಲ. ಹಳೆಯ ಮಜ್ಜೆಯನ್ನು ಸುಡಲು ಕೊಟ್ಟ ಔಷಧ ಸೂಗಪ್ಪನ ಬಾಯಿಯನ್ನೂ ಸುಟ್ಟಿತ್ತು. ಒಳಗಿನ ತೊಗಲೆಲ್ಲ ಸುಲಿದು, ತುಟಿ ಒಡೆದು, ತನ್ನ ಉಗುಳನ್ನು ತಾನು ನುಂಗಲಾರದೆ ಬಟ್ಟಲಲ್ಲಿ ಉಗುಳುತ್ತ ಮಲಗಿದ್ದ. ಒಂದು ಹನಿ ನೀರಿಗೂ ಕೈಯಾಡಿಸಿ ಬೇಡವೆನ್ನುತ್ತಿದ್ದ. ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಗುರುದೇವಿ ಗಾಜಿನ ಆಚೆ ನಿಂತು ನೋಡಿದಳು. ಹೊಸ ಮಜ್ಜೆ ಹಿಡಿದರೆ ಬಾಯಿ ತಾನೇ ಮಾಯುತ್ತದೆ ಎಂದಿದ್ದರು ಡಾಕ್ಟರು. ಹಿಡಿಯಿತು, ಮಾಯಿತು. ಸೂಗಪ್ಪನ ರಕ್ತದ ಗುಂಪು ಕೂಡ ಬದಲಾಗಿ ಅಕ್ಕನದೇ ಆಯಿತು. ಈ ಸುದ್ದಿಯನ್ನು ಗುರುದೇವಿ ಬೊಂಬಾಯಿಯಿಂದ ವಾಡಿಯವರೆಗೆ ರೈಲಿನ ಡಬ್ಬಿಯಲ್ಲಿ ಯಾರೂ ನಿದ್ದೆ ಮಾಡದ ಹಾಗೆ ಹೇಳಿಕೊಂಡು ಬಂದಳು.

ಅಲ್ಲಿಗೆ ಎಲ್ಲ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು. ಸೂಗಪ್ಪ ಕೆಲಸಕ್ಕೂ ಹೋಗತೊಡಗಿದ. ಕೆಲವು ತಿಂಗಳಾದ ಮೇಲೆ ಬಾಯಿ ಮತ್ತೆ ತಕರಾರು ತೆಗೆಯಿತು. ಕೆನ್ನೆಯ ಒಳಗೆಲ್ಲ ಬಿಳಿಬಿಳಿ ಗೆರೆ, ಜೇಡನ ಬಲೆಯ ಹಾಗೆ. ಉಗುಳು ಆರಿಹೋಗಿ, ಜೊತೆಗೆ ಒಂದು ಗುಟುಕು ನೀರಿಲ್ಲದೆ ರೊಟ್ಟಿಯ ಚೂರೂ ಗಂಟಲಲ್ಲಿ ಇಳಿಯದು. ಹಲ್ಲುಪುಡಿ ಉರಿ, ಹುಳಿ ಉರಿ, ಬಿಸಿ ಚಹಾ ಉರಿ. ಬಾಯಿ ಅಗಲಿಸಿದರೆ ಎಳೆದಂತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು.

ಗುರುದೇವಿಗೆ ಇದರ ಪೂರ್ತಿ ಸುದ್ದಿ ಮುಟ್ಟಿರಲಿಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಕಟ್ಟಿಕೊಂಡು ಸೇಡಮ್ಮಿನಲ್ಲಿ ರೈಲು ಹತ್ತಿ ವಾಡಿಯ ಕ್ವಾರ್ಟರ್ಸಿಗೆ ಹೋದಳು. ಬಾಯಿ ಸೂಕ್ಷ್ಮ ಇದೆಯೆಂದು ಕೇಳಿದ್ದರಿಂದ ಪಲ್ಯಕ್ಕೆ ಖಾರ ಕಡಿಮೆಯೇ ಹಾಕಿದ್ದಳು, ಅವಳ ಲೆಕ್ಕದಲ್ಲಿ. ಸೂಗಪ್ಪ ಅಕ್ಕನ ಮುಖ ನೋಡಿ ಒಂದು ತುತ್ತು ಬಾಯಿಗಿಟ್ಟ, ಎದ್ದು ಬಚ್ಚಲಿಗೆ ಓಡಿದ. ತಾಟು ಹಾಗೇ ಉಳಿಯಿತು. ಉಂಡ ತಾಟನ್ನು ತೊಳೆದು ಆ ನೀರನ್ನೂ ಪ್ರಸಾದವೆಂದು ಕುಡಿಯುವ ಮನೆತನ ಅದು. ಆ ಮನೆಯ ಮಗ ತಾಟಿನಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ಗುರುದೇವಿ ಹುಟ್ಟಿದಾರಭ್ಯ ನೋಡಿರಲಿಲ್ಲ.

ಸೂಗಪ್ಪನ ಹೆಂಡತಿ ರತ್ನಾಬಾಯಿ ಸಮಾಧಾನದ ಹೆಂಗಸು. ಅಡಿಗೆಮನೆಗೆ ಕರೆದು ಎಲ್ಲ ಹೇಳಿದಳು. ಇದು ಹಳೆಯ ರೋಗ ಮರಳಿ ಬಂದದ್ದಲ್ಲ. ಅಕ್ಕನ ಮಜ್ಜೆಯಿಂದ ಹುಟ್ಟಿದ ಹೊಸ ರಕ್ತ ಈ ಮೈಯನ್ನು ತನ್ನದೆಂದು ಇನ್ನೂ ಒಪ್ಪಿಲ್ಲವಂತೆ. ಬಾಯಿಯನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಏರಿಹೋಗುತ್ತದಂತೆ. ಹಾಲಿಗೆ ಹಾಕಿ ಕುಡಿಯುವ ಎಣ್ಣೆಯಂಥ ಔಷಧ ಕೊಟ್ಟಿದ್ದಾರೆ, ಮುಕ್ಕಳಿಸಲು ಬೇರೆ ಕೊಟ್ಟಿದ್ದಾರೆ. ತಣಿಯುತ್ತದೆ, ಆದರೆ ವರ್ಷಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ಹೊಟ್ಟೆ ತುಂಬ ಉಣ್ಣಬೇಕು, ತೂಕ ಇಳಿದರೆ ಕಷ್ಟ ಎಂದಿದ್ದಾರೆ ಡಾಕ್ಟರು. ಇವರೋ ಅರ್ಧ ಬಟ್ಟಲು ನುಚ್ಚಿಗೆ ಕೈ ತೊಳೆಯುತ್ತಾರೆ. ಇಷ್ಟು ಹೇಳಿ ರತ್ನಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಡುವಾಗ ಸೂಗಪ್ಪ ಅಕ್ಕನನ್ನು ನಗಿಸಲು ನೋಡಿದ.

“ನಿನ್ನ ರಕ್ತ ನನ್ನ ಬಾಯಾಗ ಕುಂತು ಜಗಳಾ ತಗದದ ಯಕ್ಕಾ,” ಎಂದ. “ಥೇಟ್ ನಿನ್ನಂಗೇ ಅದ. ಒಂದ್ ಗಳಿಗಿ ಸುಮ್ನ ಇರಂಗಿಲ್ಲ.”

ಗುರುದೇವಿ ನಕ್ಕಳು. ರೈಲಿನಲ್ಲಿ ಮಾತ್ರ ಯಾರ ಕೂಡವೂ ಮಾತಾಡಲಿಲ್ಲ.

ಊರಿಗೆ ಬಂದು ಆಶಾಬಿಯ ಮುಂದೆ ಅತ್ತಳು. ಆಶಾಬಿಗೆ ಅಳುವವರನ್ನು ಕಂಡರೆ ಚೇಷ್ಟೆ ಮಾಡದೆ ಇರಲಾಗುತ್ತಿರಲಿಲ್ಲ. ಅವಳ ಸಮಾಧಾನದ ರೀತಿಯೇ ಅದು. “ನಿನ್ನ ಎಲುಬಿನಾಗ ಏನದ ಹೇಳು, ಬರೇ ಗುಂಟೂರ ಮೆಣಸಿನಕಾಯಿ ಅದ,” ಎಂದಳು. “ಅದನ್ನ ಒಯ್ದು ಆ ಬಡವನ ಮೈಯಾಗ ಹಾಕಿದ್ರ ಬಾಯಿ ಉರೀದೇ ಏನ್ ಮಾಡ್ತದ?”

ಆಶಾಬಿ ಅಂದದ್ದನ್ನು ಅಲ್ಲೇ ಮರೆತಳು. ಗುರುದೇವಿ ಮರೆಯಲಿಲ್ಲ. ಒಲೆಯ ಮುಂದೆ ಕೂತಾಗ, ಹೊಲದಲ್ಲಿ ಕಳೆ ಕೀಳುವಾಗ, ಅದೇ ಮಾತು. ನಗೆಯಾಡಿದ್ದೇ ಇರಲಿ, ಸುಳ್ಳೆಂದು ಹೇಗೆ ಹೇಳುವುದು? ಹುಟ್ಟಿದಾಗಿನಿಂದ ತಿಂದ ಖಾರ ಎಲ್ಲಿಗೆ ಹೋಗುತ್ತದೆ? ಎಲುಬಿಗೇ ಇಳಿದಿರಬೇಕು. ಹಾಲೂಡುವ ತಾಯಿ ಕಂಡದ್ದೆಲ್ಲ ತಿಂದರೆ ಕೂಸಿನ ಹೊಟ್ಟೆ ನೋಯುತ್ತದೆ, ಅದಕ್ಕೇ ಅಲ್ಲವೇ ಬಾಣಂತಿಗೆ ಪಥ್ಯ? ತಾಯಿ ಒಂದು ಕಡೆ, ಕೂಸು ಒಂದು ಕಡೆ. ಆದರೂ ಇವಳು ತಿಂದದ್ದು ಅದಕ್ಕೆ ತಾಗುತ್ತದೆ. ತನ್ನ ಮಜ್ಜೆ ವಾಡಿಯಲ್ಲಿದ್ದರೇನು, ತನ್ನದೇ ತಾನೆ? ತಾನು ತಂಪಾದರೆ ಅದೂ ತಂಪಾದೀತು. ಗುರುದೇವಿಯ ತಲೆಯಲ್ಲಿ ಇದು ಎಷ್ಟು ಸರಳವಾಗಿ ಕೂತುಬಿಟ್ಟಿತೆಂದರೆ, ಇದನ್ನು ಯಾಕೆ ಡಾಕ್ಟರು ಮೊದಲೇ ಹೇಳಲಿಲ್ಲ ಎಂದು ಅವರ ಮೇಲೆಯೇ ಸಿಟ್ಟು ಬಂತು.

ಮರುದಿನದಿಂದ ತಮ್ಮನಿಗಾಗಿ ಬಾಣಂತಿಯ ಪಥ್ಯ ಹಿಡಿದಳು. ಗಂಡನಿಗೆ ಹೇಳಲಿಲ್ಲ, ಹೇಳಿದರೆ ನಗುತ್ತಾನೆ, ನಕ್ಕರೆ ತನ್ನ ನಂಬಿಕೆ ಸಡಿಲಾಗುತ್ತದೆ. ಮನೆಯವರಿಗೆ ಎಂದಿನಂತೆ ಕೆಂಪಗೆ ಅಡಿಗೆ ಮಾಡಿಟ್ಟು ತಾನು ನುಚ್ಚು ಮಜ್ಜಿಗೆ ಉಂಡಳು. ಸುಲಭವೇನೂ ಆಗಿರಲಿಲ್ಲ. ಒಗ್ಗರಣೆಯ ವಾಸನೆ ಬಂದಾಗ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು.

ಒಂದೆರಡು ತಿಂಗಳಿಗೆ ವಾಡಿಯಿಂದ ಒಳ್ಳೆಯ ಸುದ್ದಿ ಬಂತು. ಉರಿ ಚೂರು ಇಳಿದಿದೆ, ಮೆತ್ತಗಿನ ಅನ್ನ ಇಳಿಯುತ್ತಿದೆ. ಬೊಂಬಾಯಿಯ ಔಷಧ ಹತ್ತಿತು ಎಂದ ಅಮೃತಪ್ಪ. ಗುರುದೇವಿ ಹೂಂ ಎಂದಳು. ಆ ಹೂಂನಲ್ಲಿ ಎಷ್ಟು ಹೆಮ್ಮೆ ಇತ್ತೆಂದು ಪಾಪ ಅವನಿಗೆ ಗೊತ್ತಾಗಲಿಲ್ಲ.

ಆಮೇಲೆ ಚಿತ್ತಾಪುರದಲ್ಲಿ ನೆಂಟರ ಮದುವೆ. ಪಂಗತಿಯಲ್ಲಿ ಬಿಸಿ ಮಿರ್ಚಿಭಜಿ ಬಡಿಸುತ್ತ ಬಂದರು. ಗುರುದೇವಿ ಬೇಡವೆಂದು ಕೈ ಅಡ್ಡ ಹಿಡಿದಳು, ಬಡಿಸುವವರು ಬೆರಳ ಸಂದಿಯಲ್ಲೇ ಬೀಳಿಸಿ ಹೋದರು. ಬಿದ್ದದ್ದನ್ನು ಬಿಡುವಂತಿಲ್ಲ. ಬಿಡುವಂತಿಲ್ಲ ಎಂಬುದು ನೆವ, ಬಾಯಲ್ಲಿ ನೀರು ಬಂದದ್ದು ನಿಜ. ಕಣ್ಣು ಮುಚ್ಚಿ ತಿಂದಳು. ಅದೇ ವಾರ ಸೂಗಪ್ಪನ ಬಾಯಿ ಮತ್ತೆ ಕೆಟ್ಟಿತೆಂದು ಹೇಳಿಕಳಿಸಿದರು. ನಾಲಿಗೆಯ ಮೇಲೆಲ್ಲ ಮೊಸರು ಮೆತ್ತಿದ ಹಾಗೆ ಬೆಳ್ಳಗಾಗಿ ಮಾತೂ ಆಡಲಾಗದ ಸ್ಥಿತಿ.

ಗುರುದೇವಿಗೆ ಇನ್ನು ಯಾರ ಸಾಕ್ಷಿಯೂ ಬೇಕಿರಲಿಲ್ಲ. ಒಂದು ಭಜಿಯ ಆಸೆಗೆ ತಮ್ಮನ ಬಾಯಿ ಸುಟ್ಟೆ ಎಂದು ಹಿತ್ತಲಲ್ಲಿ ಕೂತು ಹಣೆ ಚಚ್ಚಿಕೊಂಡಳು. ಅಂದಿನಿಂದ ಹುಳಿಯನ್ನೂ ಬಿಟ್ಟಳು, ಉಪ್ಪನ್ನೂ ಬಿಟ್ಟಳು. ಮಜ್ಜಿಗೆ ಹುಳಿಯಲ್ಲವೇ ಎಂದು ಅದನ್ನೂ ಬಿಟ್ಟು ನುಚ್ಚನ್ನು ಬರೀ ನೀರಿನಲ್ಲಿ ಕಲಸಿ ಉಂಡಳು. ಮುಂಗೈಯ ಬಳೆ ಸಡಿಲವಾಗಿ, ಕೈ ಎತ್ತಿದರೆ ಮೊಣಕೈಗೆ ಜಾರುತ್ತಿತ್ತು. ಬೇಸಿಗೆ ಕಳೆದು, ಮಳೆ ಮುಗಿದು, ತೊಗರಿ ಹೂವಿಗೆ ಬಂದ ಕಾಲದಲ್ಲಿ ಒಂದು ಮಧ್ಯಾಹ್ನ ಹೊಲದಲ್ಲೇ ಕಣ್ಣು ಕತ್ತಲೆಗಟ್ಟಿ ಬಿದ್ದಳು.

ಅಮೃತಪ್ಪ ಹೆದರಿಹೋದ. ಹೆಂಡತಿಯನ್ನು ಮನೆಗೆ ತಂದು ಮಲಗಿಸಿ, ಏನಿದು ಎಂದು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಅವನು ಆಶಾಬಿಯನ್ನು ಹಿಡಿದ. ತಾನು ನಗೆಯಾಡಿದ್ದು ಇಷ್ಟು ದೂರ ಹೋಯಿತೇ ಎಂದು ಆಶಾಬಿ ಕೆನ್ನೆ ಬಡಿದುಕೊಂಡು, ತನಗೆ ತಿಳಿದದ್ದು, ತಾನು ಊಹಿಸಿದ್ದು, ಎಲ್ಲ ಹೇಳಿದಳು. ಕೂಡಿಸಿ ನೋಡಿದಾಗ ಅಮೃತಪ್ಪನಿಗೆ ನಗು ಬರಲಿಲ್ಲ. ಇವಳಿಗೆ ತಾನು ಹೇಳಿದರೆ ತಲೆಗೆ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನೇರ ವಾಡಿಗೆ ಹೋದ.

ಮುಂದಿನ ರವಿವಾರ ಸೂಗಪ್ಪ ಆಡಕಿಗೆ ಬಂದ. ಜಡ್ಡು ಬಿದ್ದ ಮೇಲೆ ಅಕ್ಕನ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಹೆಗಲಿಗೆ ನೀರಿನ ಬಾಟಲಿ. ನಾಲ್ಕು ಮಾತಾಡಿದರೆ ಒಂದು ಗುಟುಕು ಕುಡಿಯಬೇಕು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಲ್ಲಿ ಯಾರು ರೋಗಿ ಎಂದು ಹೊಸಬರು ಕೇಳಿದ್ದರೆ ಹೇಳುವುದು ಕಷ್ಟವಿತ್ತು.

“ಬಾಯಿ ಆರಾಮ ಆಗ್ಯಾದ ಯಕ್ಕಾ,” ಎಂದ ಸೂಗಪ್ಪ. “ಡಾಕ್ಟರ್ ಎಲ್ಲಾ ತಿನ್ನು ಅಂದಾರ. ಪುಂಡಿಪಲ್ಯ ಮಾಡು, ಮೊದಲಿನಂಗ.”

ಗುರುದೇವಿ ಕೂತಲ್ಲಿಂದ ಎದ್ದೇಬಿಟ್ಟಳು. ಪಥ್ಯ ಫಲಿಸಿತು ಎಂದು ಒಳಗೊಳಗೇ ಬಸವಣ್ಣನನ್ನು ನೆನೆದಳು. ಪುಂಡಿಸೊಪ್ಪು ಬೇಯಿಸಿದಳು, ಬೇಳೆ ಹಾಕಿದಳು, ಬಳ್ಳೊಳ್ಳಿ ಜಜ್ಜಿದಳು, ಖಾರವನ್ನು ಮುಷ್ಟಿ ತುಂಬ ಹಾಕಿದಳು. ಕಡಿಮೆ ಹಾಕಿದರೆ ತಮ್ಮ ಹೇಳಿದ್ದನ್ನು ನಂಬದ ಹಾಗಾದೀತೆಂದು ಅವಳ ಯೋಚನೆ. ರುಚಿ ನೋಡಲು ಮಾತ್ರ ಧೈರ್ಯವಾಗಲಿಲ್ಲ. ಬಿಸಿ ರೊಟ್ಟಿ ಬಡಿದು ತಾಟಿಗಿಟ್ಟು ಎದುರು ಕೂತಳು.

ಸೂಗಪ್ಪ ತಾಟನ್ನು ಕೊರಳ ಲಿಂಗಕ್ಕೆ ತೋರಿಸಿ, ರೊಟ್ಟಿಯನ್ನು ಉಗುರಿನಷ್ಟು ಸಣ್ಣಗೆ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟ. ಅಗಿಯಲಿಲ್ಲ, ನೀರು ಕುಡಿದು ನುಂಗಿದ. ಭಾಳ ಚಂದ ಆಗಿದೆ ಎಂದ. ಕಿವಿ ಕೆಂಪಾಗಿದ್ದವು. ಎರಡನೆಯ ತುತ್ತು ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಕೈ ಮುಂದೆ ಹೋಗಲು ನೋಡುತ್ತಿದೆ, ಬಾಯಿ ತೆರೆಯುತ್ತಿಲ್ಲ. ಕೆಳತುಟಿಯ ಒಳಗೆ ರಕ್ತ ಕಾಣಿಸಿತು. ಆ ಬಾಯಿಗೆ ಮೊದಲ ತುತ್ತು ಇಟ್ಟವಳು ಗುರುದೇವಿ. ಅಳು ಬರುವ ಮೊದಲು ಅದು ಯಾವ ಕಡೆ ಸೊಟ್ಟಗಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ತಾಟು ಎಳೆದುಕೊಂಡಳು.

“ಸುಳ್ಳ ಹೇಳಿದಿ.”

“ಹೂಂ, ಹೇಳ್ದೆ. ನೀ ಉಣ್ಲಿ ಅಂತ ಹೇಳ್ದೆ. ಮಾವಾರು ಎಲ್ಲಾ ಹೇಳ್ಯಾರ ನಂಗ.”

ಗುರುದೇವಿ ಬಾಗಿಲ ಕಡೆ ನೋಡಿದಳು. ಅಮೃತಪ್ಪ ಅಷ್ಟರಲ್ಲೇ ದನಕ್ಕೆ ನೀರು ಕುಡಿಸಲು ಹೊರಟಿದ್ದ. ಅವಳು ಬಿಟ್ಟುಕೊಡಲಿಲ್ಲ. ಚಿತ್ತಾಪುರದ ಮದುವೆಯ ಭಜಿಯ ಕಥೆ ತೆಗೆದಳು; ತಾನು ಇಲ್ಲಿ ತಿಂದದ್ದು ಅಲ್ಲಿ ತಾಗಿದ್ದನ್ನು ಇಲ್ಲವೆನ್ನು ನೋಡೋಣ ಎಂದಳು. ಸೂಗಪ್ಪ ಸಾವಕಾಶವಾಗಿ ತಿಳಿಸಿ ಹೇಳಿದ. ಆ ವಾರ ಆದದ್ದೇ ಬೇರೆ, ಬಾಯಲ್ಲಿ ಬೂಷ್ಟು ಹಿಡಿದಿತ್ತು. ಉಗುಳು ಆರಿದ ಬಾಯಿಗೆ, ಅದರಲ್ಲೂ ತಾನು ಕುಡಿಯುವ ಔಷಧಕ್ಕೆ, ಹಾಗಾಗುವುದುಂಟಂತೆ. ಡಾಕ್ಟರು ಬಾಯಿಗೆ ಬಿಡುವ ಹನಿ ಕೊಟ್ಟರು, ಹೋಯಿತು.

“ಯಕ್ಕಾ, ನೀ ಕೊಟ್ಟಿ, ಅದು ನಂದಾತು,” ಎಂದ. “ಇನ್ನ ಅದು ನಿನ್ನ ಮಾತ ಕೇಳಂಗಿಲ್ಲ. ನೀ ಚೀಲಗಟ್ಟಲೆ ಮೆಣಸಿನಕಾಯಿ ತಿನ್ನು, ಇಲ್ಲಾ ಉಪಾಸ ಬೀಳು, ಅದಕ್ಕ ಏನೂ ಗೊತ್ತಾಗಂಗಿಲ್ಲ.”

ಇಷ್ಟು ದಿನ ತಪ್ಪು ತನ್ನದೆಂದು ನಂಬಿ ಗುರುದೇವಿ ನವೆದಿದ್ದಳು ನಿಜ, ಆದರೆ ಆ ನಂಬಿಕೆಯಲ್ಲಿ ಒಂದು ಆಸರೆ ಇತ್ತು. ತಪ್ಪು ತನ್ನದಾದರೆ ಸರಿಪಡಿಸುವುದೂ ತನ್ನ ಕೈಯಲ್ಲೇ. ಈಗ ತಮ್ಮ ಅದನ್ನು ಕಿತ್ತುಕೊಂಡಿದ್ದ. ಅವನ ಬಾಯಿ ಉರಿಯುತ್ತದೆ, ಔಷಧ ತಣಿಸಿದಾಗ ತಣಿಯುತ್ತದೆ, ತಾನು ಮಾಡಬಹುದಾದ್ದು ಇದರಲ್ಲಿ ಏನೂ ಇಲ್ಲ. ಹೊಲದಲ್ಲಿ ಬಿದ್ದಾಗಲೂ ಅವಳಿಗೆ ಇಷ್ಟು ನಿತ್ರಾಣ ಎನಿಸಿರಲಿಲ್ಲ.

“ಹಂಗಾದ್ರ ನಾ ಇನ್ನ ಏನ್ ಮಾಡ್ಲೋ ತಮ್ಮಾ?” ಎಂದಳು.

ಸೂಗಪ್ಪ ಒಂದು ಗುಟುಕು ನೀರು ಕುಡಿದ. ಆಮೇಲೆ, ಯಾರಿಗೂ ಹೇಳದ ಮಾತನ್ನು ಹೇಳಿದ. ಬಾಯಿ ಕೆಟ್ಟಾಗಿನಿಂದ ಮನೆಯಲ್ಲಿ ಯಾರೂ ಅವನ ಕೂಡ ಉಣ್ಣುವುದಿಲ್ಲ. ಅವನ ನುಚ್ಚನ್ನು ಪಡಸಾಲೆಯಲ್ಲಿ ಇಟ್ಟು, ರತ್ನಾಬಾಯಿ ಮತ್ತು ಮಕ್ಕಳು ಅಡಿಗೆಮನೆಯ ಕದ ಮುಂದೆ ಮಾಡಿಕೊಂಡು ಉಣ್ಣುತ್ತಾರೆ. ಇವನು ಒಳಗೆ ಬಂದರೆ ಪಲ್ಯದ ಮೇಲೆ ತಾಟು ಮುಚ್ಚುತ್ತಾರೆ. ಸ್ಟೇಷನ್ನಿನಲ್ಲೂ ಜೊತೆಯವರು ಬುತ್ತಿ ಬಿಚ್ಚುವಾಗ ಗೋಡೆಯ ಕಡೆ ತಿರುಗುತ್ತಾರೆ. ಎಲ್ಲ ಪ್ರೀತಿಯಿಂದಲೇ, ಅವನಿಗೆ ಆಸೆಯಾಗಬಾರದೆಂದೇ. ಅದಕ್ಕೇ ಯಾರ ಮೇಲೂ ಸಿಟ್ಟು ಮಾಡಲು ಬರುವುದಿಲ್ಲ. ಗೋಡೆ ನೋಡುತ್ತ ಎರಡು ಚಮಚ ಉಂಡರೆ ಸಾಕೆನಿಸುತ್ತದೆ, ಏಳುತ್ತಾನೆ.

“ಒಬ್ಬನೇ ಉಣ್ಣಾಕ ಆಗವಲ್ದು ನಂಗ,” ಎಂದ. “ನೀ ನನ್ನ ಮುಂದ ಕುಂದ್ರು. ನಿನ್ನ ಊಟ ನೀ ಉಣ್ಣು, ನಂದು ನಾ ಉಣ್ತೀನಿ.”

ಗುರುದೇವಿ ಎದ್ದು ತನಗೆಂದು ಮಾಡಿಟ್ಟ ನುಚ್ಚನ್ನು ತಂದಳು. ತಣ್ಣನೆಯ ಹಾಲು ಬಿಟ್ಟು, ಗಂಟಿಲ್ಲದಂತೆ ಕಿವುಚಿ, ಬಟ್ಟಲಲ್ಲಿ ಹಾಕಿ ತಮ್ಮನ ಮುಂದಿಟ್ಟಳು. ಅವನು ಮುರಿದಿಟ್ಟ ರೊಟ್ಟಿಯ ತಾಟನ್ನು ತನ್ನ ಕಡೆ ಎಳೆದುಕೊಂಡು ಕೂತಳು. ಒಂದು ತುತ್ತು ಬಾಯಿಗಿಟ್ಟಳು.

ಮದುವೆಯ ಆ ಒಂದು ಭಜಿ ಬಿಟ್ಟರೆ, ವರ್ಷವಾಗಲು ಬಂದಿತ್ತು ಅವಳ ನಾಲಿಗೆ ಖಾರ ಕಂಡು. ತುತ್ತು ಗಂಟಲಿಗೆ ಹೋಗುವ ಮೊದಲೇ ಕೆಮ್ಮು ಬಂತು, ಮೂಗು ಸುರಿಯಿತು, ಕಣ್ಣು ತುಂಬಿತು. ಆಡಕಿಯ ಗುರುದೇವಿ ತನ್ನದೇ ಪಲ್ಯಕ್ಕೆ ಹಾ ಹಾ ಎನ್ನುತ್ತ ಸೆರಗಿನಿಂದ ಬಾಯಿಗೆ ಗಾಳಿ ಹಾಕಿಕೊಂಡದ್ದನ್ನು ನೋಡಿ ಸೂಗಪ್ಪನಿಗೆ ನಗು ತಡೆಯಲಾಗಲಿಲ್ಲ. ಅರ್ಧವೇ ತೆರೆಯುವ ಬಾಯಿಯಲ್ಲಿ, ತುಟಿ ಒತ್ತಿ ಹಿಡಿದುಕೊಂಡು, ಹೆಗಲು ಕುಣಿಸಿ ನಕ್ಕ. ಅವಳಿಗೂ ನಗು ಬಂತು, ಅಳುವೂ ಬಂತು. ಯಾವುದು ಖಾರದ ನೀರು, ಯಾವುದು ಅಳುವಿನ ನೀರು ಎಂದು ಇಬ್ಬರೂ ವಿಚಾರಿಸಲಿಲ್ಲ.

“ಹೆಂಗಾಗ್ಯಾದ?” ಎಂದು ಕೇಳಿದ ಸೂಗಪ್ಪ, ಚಮಚ ಕೈಯಲ್ಲಿ ಹಿಡಿದು.

ಗುರುದೇವಿ ಕಣ್ಣೊರೆಸಿಕೊಂಡಳು. ಸುಮ್ಮನೆ ಚೆನ್ನಾಗಿದೆ ಎಂದರೆ ಅವನಿಗೆ ಸಾಲದು ಎಂದು ಮುಖ ನೋಡಿಯೇ ತಿಳಿಯಿತು. ಮತ್ತೊಂದು ತುತ್ತನ್ನು ನಾಲಿಗೆಯ ಮೇಲೆ ತಿರುಗಿಸಿ, ಸಾವಕಾಶ ಅಗಿದು ನುಂಗಿದಳು.

“ಹುಳಿ ಬರೋಬರ್ ಅದ,” ಎಂದಳು. “ಉಪ್ಪು ಜರಾ ಕಡಿಮಿ ಆಗ್ಯಾದ.”

“ಹಾಕ್ಕೋ ಮತ್ತ,” ಎಂದ ಸೂಗಪ್ಪ, ಚಮಚದಷ್ಟು ನುಚ್ಚು ಬಾಯಿಗಿಟ್ಟುಕೊಂಡು ನುಂಗಿದ. ಇನ್ನೊಂದು ಚಮಚ ತುಂಬಿಕೊಂಡ.

“ಬಳ್ಳೊಳ್ಳಿ?” ಎಂದು ಕೇಳಿದ.

ಅವನಿಗೆ ಹೇಳುವುದಕ್ಕೆಂದು ಗುರುದೇವಿ ಇನ್ನೊಂದು ತುತ್ತು ರೊಟ್ಟಿ ಮುರಿದಳು.